ಬಂದವರಿಗೆ ಬೆಲ್ಲ ನೀರು

ಬಂಗುಡೆ ಮೀನಿನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಕುಶಲಾಗೆ ನೆನಪಾಗಲಿಲ್ಲ. ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟು ನೆಕ್ಕಿದರೆ ಉಪ್ಪೇ ಉಪ್ಪು. ಹಾಕಿದ್ದಾಳೆ, ಒಂದಲ್ಲ ಎರಡು ಸಲ. ಹಾಳಾಗಲಿ, ಮಗ ಶ್ರವಣ್ ಹೇಗೂ ಮೊಬೈಲ್ ನೋಡುತ್ತಾ ಉಣ್ಣುವವನು, ಸಮುದ್ರದ ನೀರು ಬಡಿಸಿದರೂ ಅವನಿಗೆ ಗೊತ್ತಾಗಲಿಕ್ಕಿಲ್ಲ ಎಂದುಕೊಂಡು ಒಲೆ ಆರಿಸಿದಳು. ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಸೀರಿಯಲ್ ಮುಗಿದ ಮೇಲೆ ‘ನಾಳೆ’ ಎಂದು ತೋರಿಸಿದ ತುಣುಕು ಕಣ್ಣೆದುರು ಬರುತ್ತಿತ್ತು. ರೇಷ್ಮೆ ಸೀರೆ ಉಟ್ಟ ದೊಡ್ಡ ಹೆಂಡತಿ ತಟ್ಟೆಯಲ್ಲಿ ಬೆಲ್ಲದ ತುಂಡು, ಎರಡು ಲೋಟ ನೀರು ಹಿಡಿದು ಬಾಗಿಲ ಕಡೆ ನಡೆಯುತ್ತಾಳೆ. ಬಾಗಿಲಲ್ಲಿ ಗಂಡ, ಅವನ ಹಿಂದೆ ತಲೆ ತಗ್ಗಿಸಿ ನಿಂತ ಹೊಸ ಹೆಂಡತಿ. ಮೂವರ ಮುಖವನ್ನೂ ಮತ್ತೆ ಮತ್ತೆ ತೋರಿಸಿ, ಮೇಲೊಂದು ಗುಡುಗು ಹಾಕಿ ನಿಲ್ಲಿಸಿಬಿಟ್ಟಿದ್ದರು. ಆ ಸೀರಿಯಲ್ಲಿಗೆ ಸಂಭಾಷಣೆ ಬರೆಯುವವಳು ಮಗಳು ಪ್ರಣೀತಾ. ದೊಡ್ಡ ಹೆಂಡತಿ ಬಾಯಿ ತೆರೆದರೆ ಎಂಥ ಮಾತು ಬರುತ್ತದೆ ಎಂಬುದು ಕಾಪುವಿನ ಅಡುಗೆಮನೆಯಲ್ಲಿ ನಿಂತ ಕುಶಲಾಗೆ ಚೆನ್ನಾಗಿ ಗೊತ್ತಿತ್ತು.

ತುಣುಕು ಮುಗಿದದ್ದೇ ಕಾರ್ಕಳದಿಂದ ವಾರಿಜಾಳ ಫೋನು ಬಂದಿತ್ತು. ವಾರಿಜಾ ಎಂದರೆ ಗಂಡ ಸರ್ವೋತ್ತಮನ ಎರಡನೆಯ ಹೆಂಡತಿ. ಕಾಪುವಿನಿಂದ ಟೆಂಪೋದಲ್ಲಿ ಮೀನು ಹೇರಿಕೊಂಡು ಕಾರ್ಕಳದ ಮಾರ್ಕೆಟ್ಟಿಗೆ ಹೋಗುತ್ತಿದ್ದವನು ಅಲ್ಲೊಂದು ಮನೆ ಮಾಡಿಕೊಂಡ. ಆಮೇಲೆ ವಾರದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ. ಈಗ ಅವನು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಸತ್ತ ಗಂಡನ ಇಬ್ಬರು ಹೆಂಡಿರು ದಿನಾ ಸಂಜೆ ಫೋನಿನಲ್ಲಿ ಇನ್ನೊಬ್ಬನ ಇಬ್ಬರು ಹೆಂಡಿರ ವಿಷಯ ಮಾತಾಡುವುದು ನೆರೆಕರೆಯವರಿಗೆ ನಗೆಪಾಟಲಾಗಿತ್ತು. ನಗುವವರು ನಗಲಿ, ಕುಶಲಾ ಬಾಯಿ ತುಂಬ ಮಾತಾಡುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ವಾರಿಜಾ ಸೀರಿಯಲ್ಲಿನ ಎರಡನೆಯವಳನ್ನು ಬೈಯುವುದನ್ನು ಕೇಳಬೇಕು. “ಅವಳಿಗೆ ಸ್ವಲ್ಪವಾದರೂ ನಾಚಿಕೆ ಬೇಡವಾ ಅಕ್ಕ? ಬೇರೆಯವರ ಸಂಸಾರ ಅಲ್ವಾ ಅದು?” ಎನ್ನುತ್ತಿದ್ದಳು, ತನಗೂ ಆ ಕಥೆಗೂ ಸಂಬಂಧವೇ ಇಲ್ಲದವಳ ಹಾಗೆ. ನಿನ್ನೆ ಮಾತ್ರ ಬೈಗುಳವಿರಲಿಲ್ಲ. “ಅಕ್ಕ, ನೋಡಿದಿರಾ? ನಾಳೆ ಅವಳು ಬೆಲ್ಲ ನೀರು ಕೊಡುವುದು! ನಿಮ್ಮ ಹಾಗೆಯೇ! ನಮ್ಮ ಮಗು ನಿಮ್ಮನ್ನು ನೋಡಿಯೇ ಬರೆದದ್ದು. ನಾನು ನೆರೆಮನೆಯ ಆನ್ಸಿಲ್ಲಾ ಬಾಯಿಗೆ ಹೇಳಿಯೂ ಆಯಿತು, ನಾಳೆ ನಮ್ಮಲ್ಲಿಗೆ ಬನ್ನಿ, ನಮ್ಮ ಅಕ್ಕನ ಕಥೆ ಟೀವಿಯಲ್ಲಿ ಬರ್ತದೆ ಅಂತ.” ಕುಶಲಾ ‘ಹ್ಞಾಂ’ ಎಂದಳು. ಈಗ ಅನ್ನ, ಸಾರು ಮುಚ್ಚಿಟ್ಟು, ಸೀರೆ ಬದಲಿಸಿ, ಮಣಿಪಾಲಕ್ಕೆ ಹೋಗಿ ಬರುತ್ತೇನೆಂದು ಮಗನಿಗೆ ಮೆಸೇಜು ಹಾಕಿ ಹೊರಟಳು.

ಉಡುಪಿಯ ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಅವತ್ತೂ ಹೀಗೆಯೇ ಉರಿಬಿಸಿಲು, ಅಂಗಳದಲ್ಲಿ ಒಣಗಲು ಹಾಕಿದ ಮೀನನ್ನು ಕಾಗೆ ಎಳೆಯುತ್ತಿತ್ತು, ಕಾಗೆ ಓಡಿಸಲು ಹೊರಗೆ ಬಂದರೆ ಮೆಟ್ಟಿಲ ಹತ್ತಿರ ಸರ್ವೋತ್ತಮ, ಅವನ ಹಿಂದೆ ಈ ವಾರಿಜಾ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಕುತ್ತಿಗೆಯಲ್ಲಿ ಹೊಸ ಕರಿಮಣಿ. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಬಾಗಿಲ ಮೂಲೆಯಲ್ಲೇ ಪೊರಕೆ ಇತ್ತು, ಕೈ ಅದರ ಕಡೆಗೆ ಹೋದದ್ದೂ ನಿಜ. ಆದರೆ ಕುಶಲಾ ಒಳಗೆ ಹೋಗಿ ಡಬ್ಬದಿಂದ ಬೆಲ್ಲ ತೆಗೆದು ತುಂಡು ಮಾಡಿದಳು, ತಟ್ಟೆಯಲ್ಲಿಟ್ಟಳು, ಎರಡು ಲೋಟ ನೀರು ತುಂಬಿದಳು. ಹೊರಗಿನಿಂದ ಯಾರೇ ಬರಲಿ, ಮೊದಲು ಬೆಲ್ಲ ನೀರು ಕೊಟ್ಟು ಆಮೇಲೆ ಬಂದ ವಿಷಯ ಕೇಳುವುದು ಈ ಕಡೆಯ ಮರ್ಯಾದೆ. ಮನೆಯವರಿಗೆ ಹಾಗೆ ಯಾರೂ ತಟ್ಟೆಯಲ್ಲಿಟ್ಟು ಕೊಡುವುದಿಲ್ಲ. ಮನೆಯವರು ಸೀದಾ ಅಡುಗೆಮನೆಗೆ ಬಂದು ತಾವೇ ಬಗ್ಗಿಸಿಕೊಂಡು ಕುಡಿಯುತ್ತಾರೆ. ಒಂದು ಲೋಟ ಅವಳಿಗೆ, ಇನ್ನೊಂದು ಅವನಿಗೆ. ಗಂಡನ ಎದುರು ತಟ್ಟೆ ಇಟ್ಟಾಗ ಅವನ ಮುಖ ಬಿಳಚಿಕೊಂಡದ್ದನ್ನು ಕುಶಲಾ ನೋಡಿದಳು. “ಕುಡಿಯಿರಿ” ಎಂದಷ್ಟೇ ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದರೆ ಇಬ್ಬರೂ ಇರಲಿಲ್ಲ. ಎರಡೂ ಲೋಟ ಖಾಲಿಯಾಗಿದ್ದವು.

ಅವನೂ ಕುಡಿದನಲ್ಲ ಎಂಬುದೇ ಅವಳಿಗೆ ದೊಡ್ಡ ಪೆಟ್ಟಾಯಿತು. ಕುಡಿಯದೆ ಬಿಟ್ಟಿದ್ದರೆ, ಲೋಟ ಎತ್ತಿ ಅಂಗಳಕ್ಕೆ ಬಿಸಾಡಿದ್ದರೆ, ‘ಇದು ನನ್ನ ಮನೆ’ ಎಂದು ಒಂದು ಸಲ ಕೂಗಾಡಿದ್ದರೆ! ಹೊರಗಿನವನೆಂದು ಒಪ್ಪಿಕೊಂಡು ಕುಡಿದು ಹೋದ. ಸರಿ, ಹಾಗಾದರೆ ಹೊರಗಿನವನೇ ಆಗಲಿ ಎಂದು ಅವಳೂ ಹಟ ಹಿಡಿದಳು. ಆಮೇಲೆ ಅವನು ಬಂದಾಗಲೆಲ್ಲ ಚಾವಡಿಯ ಕುರ್ಚಿ ಒರೆಸಿ ಕೊಟ್ಟಳು, ಊಟ ಬಡಿಸಿ ಬದಿಗೆ ನಿಂತಳು, ‘ಇನ್ನು ಸ್ವಲ್ಪ ಹಾಕಲಾ’ ಎಂದು ನೆಂಟರನ್ನು ಕೇಳುವ ಹಾಗೆ ಕೇಳಿದಳು. ಜಗಳ ಒಂದೂ ಆಗಲಿಲ್ಲ. ಊರಿನವರು ಕುಶಲಾಳ ತಾಳ್ಮೆ ದೊಡ್ಡದು ಎಂದರು. ಅವನು ಒಂದೆರಡು ಸಲ ಅಡುಗೆಮನೆಯ ಬಾಗಿಲವರೆಗೆ ಬಂದು, ಚೌಕಟ್ಟಿಗೆ ಕೈಯಿಟ್ಟು, ಏನೋ ಹೇಳಲಿಕ್ಕಿದೆ ಎಂಬಂತೆ ನಿಂತದ್ದುಂಟು. ‘ಎಂತ ಬೇಕಿತ್ತು?’ ಎಂದು ಅವಳು ಕೇಳುತ್ತಿದ್ದಳು. ಏನೂ ಬೇಡ ಎಂದು ತಿರುಗಿ ಹೋಗುತ್ತಿದ್ದ.

ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲದಲ್ಲಿ ಇಳಿದಾಗ ಎದುರಿಗೆ ಬಿಳಿ ಕೋಟಿನ ಹುಡುಗ ಹುಡುಗಿಯರು ರಸ್ತೆ ದಾಟುತ್ತಿದ್ದರು. ಕಳೆದ ವರ್ಷ ಸರ್ವೋತ್ತಮ ಮಲಗಿದ್ದದ್ದು ಇದೇ ಊರಿನ ಆಸ್ಪತ್ರೆಯಲ್ಲಿ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಒಂದು ತುದಿಯಲ್ಲಿ ಕುಶಲಾ, ಇನ್ನೊಂದು ತುದಿಯಲ್ಲಿ ವಾರಿಜಾ. ಬೆಂಚು ಸಣ್ಣದು, ಎಷ್ಟು ದಿನವೆಂದು ತುದಿಯಲ್ಲಿ ಕುಳಿತುಕೊಳ್ಳುವುದು? ಒಂದು ಸಂಜೆ ವಾರಿಜಾ ಹತ್ತಿರ ಸರಿದು ಹೇಳಿದ್ದಳು, “ಅವತ್ತು ನೀವು ಪೊರಕೆ ಹಿಡಿದುಕೊಂಡು ಬರ್ತೀರಿ ಅಂತಲೇ ನಾನು ಅಂದುಕೊಂಡದ್ದು ಅಕ್ಕ. ನೀವು ಬೆಲ್ಲ ನೀರು ತಂದಿರಿ. ನನ್ನ ಹೆತ್ತಮ್ಮ ನನ್ನನ್ನು ಅಂಗಳಕ್ಕೆ ಸೇರಿಸಿರಲಿಲ್ಲ. ಆಮೇಲೆ ಯಾರು ಎಂತ ಅಂದರೂ ನಾನು ಅದನ್ನೊಂದು ನೆನೆಸಿಕೊಳ್ಳುವುದು. ದೊಡ್ಡವರೇ ನನಗೆ ನೀರು ಕೊಟ್ಟಿದ್ದಾರೆ, ಇವರ ಮಾತು ಯಾರಿಗೆ ಬೇಕು ಅಂತ.” ಆಗಲೇ ಹೇಳಬೇಕಿತ್ತು. ಇಲ್ಲ ವಾರಿಜಾ, ಅದು ಹಾಗಲ್ಲ ಎಂದುಬಿಡಬೇಕಿತ್ತು. ಆದರೆ ಅಷ್ಟು ವರ್ಷ ಯಾರೋ ಒಬ್ಬಳು ತನ್ನನ್ನು ಒಳ್ಳೆಯವಳೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ ಎಂಬುದು ಆ ಫಿನಾಯಿಲ್ ವಾಸನೆಯ ನಡುವೆ ಎಷ್ಟು ಹಿತವಾಗಿತ್ತೆಂದರೆ, ಕುಶಲಾ ಸುಮ್ಮನೆ ಅವಳ ಕೈ ಹಿಡಿದುಕೊಂಡಳು. ಕದ್ದ ಸೀರೆ ಉಟ್ಟುಕೊಂಡು ಮದುವೆಗೆ ಹೋದವಳ ಹಾಗೆ ಅಂದಿನಿಂದ ಒಳಗೊಳಗೇ ಮುಜುಗರ. ಆದರೂ ಕಳಚಿಡಲು ಮನಸ್ಸಿಲ್ಲ.

ಪ್ರಣೀತಾಳ ಫ್ಲ್ಯಾಟು ಮೇಲಿನ ಮಹಡಿಯಲ್ಲಿ. ಬಾಗಿಲು ತೆರೆದ ಮಗಳ ಕೂದಲು ಕೆದರಿತ್ತು, ಕುತ್ತಿಗೆಗೆ ಹೆಡ್‌ಫೋನು ಜೋತುಬಿದ್ದಿತ್ತು. “ಎಂತಮ್ಮ ಇದು, ಫೋನೂ ಮಾಡದೆ?” ಎಂದು ತಬ್ಬಿಕೊಂಡವಳು ಅಮ್ಮನ ಮುಖ ನೋಡಿ ಹಿಂದೆ ಸರಿದಳು. ಇವತ್ತಿನ ಕಂತಿನಲ್ಲಿ ದೊಡ್ಡ ಹೆಂಡತಿ ಏನು ಹೇಳುತ್ತಾಳೆ ಎಂದು ಕುಶಲಾ ನಿಂತುಕೊಂಡೇ ಕೇಳಿದಳು. ಮಗಳ ಮುಖ ಅರಳಿತು. ಲ್ಯಾಪ್‌ಟಾಪು ತಿರುಗಿಸಿ, ಗಂಟಲು ಸರಿಮಾಡಿಕೊಂಡು, ನಟಿಯ ಗತ್ತಿನಲ್ಲೇ ಓದಿದಳು: “ಬೆಲ್ಲ ನೀರು ಮನೆಯವರಿಗೆ ಕೊಡುವುದಲ್ಲ, ಬಂದು ಹೋಗುವವರಿಗೆ ಕೊಡುವುದು. ಇಬ್ಬರೂ ಕುಡಿಯಿರಿ. ಕುಡಿದು ಹೊರಡಿ.” ಆಮೇಲೆ ಅಮ್ಮನ ಕಡೆ ನೋಡಿ, “ಹೇಗುಂಟು? ಚಾನೆಲ್ಲಿನವರಿಗೆ ಭಾರೀ ಖುಷಿಯಾಗಿದೆ. ಇಡೀ ಸೀರಿಯಲ್ಲಿನಲ್ಲಿ ನಿಜವಾದ ಮಾತು ಅದೊಂದೇ ಅಮ್ಮ, ಬಾಕಿದ್ದೆಲ್ಲ ಬರೀ ಗುಡುಗು” ಎಂದಳು.

“ಅದನ್ನು ತೆಗಿ ಮಗಾ.”

“ತೆಗೆಯುವುದಾ? ಶೂಟಿಂಗ್ ಆಗಿ, ಎಡಿಟಿಂಗ್ ಆಗಿ, ಕಳಿಸಿಯೂ ಆಯಿತು. ಈಗ ಅದು ನನ್ನ ಕೈಯಲ್ಲಿಲ್ಲ.” ಅಮ್ಮ ಮಂಚದ ತುದಿಯಲ್ಲಿ ಕುಸಿದು ಕುಳಿತದ್ದು ನೋಡಿ ಅವಳಿಗೆ ಗಾಬರಿಯಾಯಿತು. ಕುಶಲಾ ಎಲ್ಲವನ್ನೂ ಹೇಳಿದಳು: ಬೆಂಚಿನ ಮಾತು, ನಿನ್ನೆಯ ಫೋನು, ನೆರೆಮನೆಯವರನ್ನು ಕರೆದದ್ದು. ಹೇಳುತ್ತಾ ಹೇಳುತ್ತಾ ಅವಳಿಗೆ ಬೇರೊಂದು ಸಂಜೆ ನೆನಪಾಯಿತು. ಇದೇ ಮಗಳು ಪಿಯುಸಿಯಲ್ಲಿರುವಾಗ, ಯಾರೋ ಗೆಳತಿ ‘ನಿನಗೆ ಇಬ್ಬರು ಅಮ್ಮಂದಿರಂತೆ’ ಎಂದದ್ದಕ್ಕೆ ಅಳುತ್ತಾ ಮನೆಗೆ ಬಂದಿದ್ದಳು. ಅವಳನ್ನು ಸಮಾಧಾನ ಮಾಡಲು ಕುಶಲಾ ಬೆಲ್ಲ ನೀರಿನ ಕಥೆ ಹೇಳಿದ್ದಳು. ತಾನು ಹೇಗೆ ಒಂದು ಬೈಗುಳವೂ ಇಲ್ಲದೆ ಇಬ್ಬರ ಮರ್ಯಾದೆಯನ್ನೂ ತೆಗೆದೆ ಎಂದು ಹೆಮ್ಮೆಯಿಂದ ಹೇಳಿದ್ದಳು. ಹುಡುಗಿ ಕಣ್ಣೊರೆಸಿಕೊಂಡು ನಕ್ಕಿದ್ದಳು. ‘ನೀನು ಭಾರೀ ಉಂಟು ಮಾರಾಯ್ತಿ’ ಎಂದಿದ್ದಳು. ಆ ನಗುವಿಗಾಗಿ ಕುಶಲಾ ಆಮೇಲೆ ಇನ್ನೂ ಕೆಲವು ಸಲ ಆ ಕಥೆ ಹೇಳಿದಳು, ಪ್ರತಿ ಸಲವೂ ಸ್ವಲ್ಪ ಉಪ್ಪು ಖಾರ ಹೆಚ್ಚು ಹಾಕಿ.

“ಆ ಕಾರ್ಕಳದವರ ಮನಸ್ಸು ನೀನು ಯಾಕೆ ಕಾಯಬೇಕು?” ಎಂದಳು ಪ್ರಣೀತಾ. ದನಿ ಗಟ್ಟಿಯಾಗಿತ್ತು, ಕೆಳತುಟಿ ಮಾತ್ರ ಚಿಕ್ಕಂದಿನ ಹಾಗೆಯೇ ನಡುಗುತ್ತಿತ್ತು. “ನಲ್ಲಿ ಬಿಟ್ಟುಕೊಂಡು ಅಡುಗೆಮನೆಯಲ್ಲಿ ಅಳುತ್ತಿದ್ದೆಯಲ್ಲ, ಯಾರಿಗೂ ಕೇಳಬಾರದು ಅಂತ. ನನಗೆ ಕೇಳ್ತಿತ್ತು. ಒಂದು ಸಲವಾದರೂ ನೀನು ಗೆಲ್ಲಬೇಕು ಅಂತ ಬರೆದದ್ದು ನಾನು.” ಕುಶಲಾ ಮಗಳನ್ನೇ ನೋಡಿದಳು. ತಾನು ಎಂದೋ ಉಟ್ಟು ಬಿಟ್ಟ ಸಿಟ್ಟನ್ನು ಈ ಹುಡುಗಿ ಒಗೆದು ಮಡಚಿ ಇಷ್ಟು ದಿನ ಜೋಪಾನ ಮಾಡಿದ್ದಾಳೆ, ಅಮ್ಮನಿಗೆ ಬೇಕಾದೀತು ಎಂದು. ಅವಳ ಕೆದರಿದ ಕೂದಲನ್ನು ಕೈಯಿಂದಲೇ ಬಾಚುತ್ತಾ, “ನಿನ್ನ ತಪ್ಪಲ್ಲ. ಕಥೆ ಹೇಳಿದವಳು ನಾನು” ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು. ಎಲ್ಲಿಗೆ ಎಂದು ಮಗಳು ಕೇಳಿದಳು.

“ಕಾರ್ಕಳಕ್ಕೆ.”

“ಫೋನಿನಲ್ಲಿ ಹೇಳಬಹುದಲ್ಲಮ್ಮ.”

“ಫೋನಿನಲ್ಲಿ ಹೇಳುವ ಮಾತಾ ಅದು?”

ಬಲವಂತ ಮಾಡಿ ಒಂದಿಷ್ಟು ಉಣ್ಣಿಸಿ, ಬಿಸಿಲು ತಗ್ಗಿದ ಮೇಲೆ ಪ್ರಣೀತಾ ಅಮ್ಮನನ್ನು ಬಸ್ಸು ಹತ್ತಿಸಿದಳು. ಕಾರ್ಕಳದ ಬಸ್ಸು ಪರ್ಕಳ ದಾಟಿ ಹಿರಿಯಡ್ಕದ ಕಡೆ ಓಡುತ್ತಿತ್ತು. ಟೆಂಪೋ ಕೆಟ್ಟಿತು, ಮಾರ್ಕೆಟ್ಟಿನಲ್ಲಿ ತಡವಾಯಿತು, ಮಂಜುಗಡ್ಡೆ ಸಿಗಲಿಲ್ಲ ಎಂದು ಸರ್ವೋತ್ತಮ ಸುಳ್ಳು ಹೇಳುತ್ತಿದ್ದದ್ದು ಈ ಕಾರ್ಕಳದ ಹೆಸರಿನಲ್ಲೇ. ಪಾಪ, ಸುಳ್ಳು ಹೇಳಲು ಬಾರದವನು. ಒಂದೇ ವಾರದಲ್ಲಿ ಟೆಂಪೋದ ಒಂದೇ ಟೈರನ್ನು ಎರಡು ಸಲ ಪಂಕ್ಚರು ಮಾಡಿಸುತ್ತಿದ್ದ. ನೆನೆದು ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. ಬದಿಯ ಸೀಟಿನ ಹೆಂಗಸು ನೋಡಿದಳೆಂದು ಕಿಟಕಿಯ ಕಡೆ ತಿರುಗಿದಳು. ಏನೆಂದು ಶುರುಮಾಡುವುದು? ‘ವಾರಿಜಾ, ನಾನು ಒಳ್ಳೆಯವಳಲ್ಲ.’ ಅದು ಸೀರಿಯಲ್ಲಿನ ಮಾತಿನಂತಿತ್ತು. ‘ಇವತ್ತು ಟೀವಿ ಹಾಕಬೇಡ.’ ಯಾಕೆ ಎಂದು ಕೇಳಿದರೆ? ಕಾರ್ಕಳದಲ್ಲಿ ಸಂಜೆ ಕರೆಂಟು ಹೋಗುವಂತೆ ಮಾಡು ಎಂದು ಕಾಪುವಿನ ಮಾರಿಯಮ್ಮನಿಗೆ ಹರಕೆ ಹೊರೋಣವೆನಿಸಿತು. ಊರಿನ ರೋಗರುಜಿನ ನೋಡುವ ತಾಯಿಗೆ ಮೆಸ್ಕಾಂನವರ ಕೆಲಸ ಒಪ್ಪಿಸುವುದೇ ಎಂದು ಕೈಬಿಟ್ಟಳು.

ಆನೆಕೆರೆಯ ಹತ್ತಿರ ಇಳಿದು, ಒಂದಿಬ್ಬರನ್ನು ಕೇಳಿ, ಓಣಿಯ ಕೊನೆಯ ಹಂಚಿನ ಮನೆಯ ಎದುರು ನಿಂತಾಗ ಹೊತ್ತು ಇಳಿದಿತ್ತು. ಇಷ್ಟು ವರ್ಷ ಅವಳು ಈ ಮನೆಯನ್ನು ನೋಡಿರಲಿಲ್ಲ. ಮನಸ್ಸಿನಲ್ಲಿ ಅದು ದೊಡ್ಡದಿತ್ತು, ಕಿಟಕಿಗಳಿಗೆಲ್ಲ ಪರದೆ ಇತ್ತು, ಒಳಗೆ ಸದಾ ನಗುವಿತ್ತು. ವಾರಿಜಾ ಜಗುಲಿಯಲ್ಲಿ ಕಾಲು ಚಾಚಿ, ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ತಲೆಯೆತ್ತಿ ನೋಡಿದವಳು ಎದ್ದ ರಭಸಕ್ಕೆ ಎಲೆ, ಹೊಗೆಸೊಪ್ಪು ಎಲ್ಲ ನೆಲದ ಮೇಲೆ ಚೆಲ್ಲಿಹೋಯಿತು. “ಅಕ್ಕ! ನೀವಾ? ಒಳಗೆ ಬನ್ನಿ, ಒಳಗೆ ಬನ್ನಿ. ನನ್ನೊಟ್ಟಿಗೆ ನೋಡಬೇಕು ಅಂತ ಬಂದದ್ದಾ? ನನಗೆ ಗೊತ್ತಿತ್ತು!” ಎನ್ನುತ್ತಾ ಕೈ ಹಿಡಿದು ಎಳೆದುಕೊಂಡೇ ಹೋದಳು. ಒಳಗೆ ಗೋಡೆಯ ಮೇಲೆ ಸರ್ವೋತ್ತಮನ ಫೋಟೋ ಇತ್ತು. ಹಲ್ಲು ಕಾಣುವ ಹಾಗೆ ನಗುತ್ತಿದ್ದ. ಕಾಪುವಿನ ಮನೆಯ ಫೋಟೋದಲ್ಲಿ ಅವನ ಬಾಯಿ ಮುಚ್ಚಿತ್ತು. ಈ ನಗು ಹೇಗಿತ್ತೆಂಬುದು ತನಗೆ ಮರೆತೇಹೋಗಿತ್ತಲ್ಲ ಎಂದು ಕುಶಲಾಗೆ ನಾಚಿಕೆಯಾಯಿತು.

ವಾರಿಜಾ ಚಹಾಕ್ಕೆ ನೀರಿಟ್ಟಳು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿದ್ದದ್ದು ಒಳ್ಳೆಯದೇ ಆಯಿತು. “ಅವತ್ತಿನ ಬೆಲ್ಲ ನೀರು,” ಎಂದಳು ಕುಶಲಾ, “ಪ್ರೀತಿಯಿಂದ ಕೊಟ್ಟದ್ದಲ್ಲ ವಾರಿಜಾ. ನೀನು ಹೊರಗಿನವಳು, ಕುಡಿದು ಹೋಗು ಅಂತ ಕೊಟ್ಟದ್ದು. ಅವರಿಗೂ ಹಾಗೆಯೇ. ಇವತ್ತು ಟೀವಿಯಲ್ಲಿ ಅವಳು ಅದನ್ನೇ ಹೇಳ್ತಾಳೆ. ಅದನ್ನು ನೀನು ಅವಳ ಬಾಯಿಯಿಂದ ಕೇಳುವುದು ಬೇಡ ಅಂತ ಬಂದೆ.” ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ವಾರಿಜಾ ಗ್ಯಾಸು ಆರಿಸಿ, ಬಟ್ಟೆ ತೆಗೆದು ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

“ಇವರಿಗೆ ಗೊತ್ತಿತ್ತಾ?” ಎಂದು ಕೊನೆಗೆ ಕೇಳಿದಳು, ತಿರುಗದೆ.

“ಗೊತ್ತಿತ್ತು. ಗೊತ್ತಿದ್ದೇ ಕುಡಿದದ್ದು.”

“ಇವರು ಕುಡಿಯಲಿಲ್ಲ ಅಕ್ಕ.” ವಾರಿಜಾ ಈಗ ತಿರುಗಿದಳು. “ಹೊಟ್ಟೆ ಸರಿ ಇಲ್ಲ ಅಂದರು. ಲೋಟ ಮುಟ್ಟಲೂ ಇಲ್ಲ. ಕೊಟ್ಟದ್ದನ್ನು ಬಿಟ್ಟರೆ ನಿಮಗೆ ಬೇಜಾರಾದೀತು ಅಂತ ಎರಡೂ ನಾನೇ ಕುಡಿದದ್ದು.”

ಕುಶಲಾ ಗೋಡೆಗೆ ಒರಗಿದಳು. ಅಡುಗೆಮನೆಯ ಚೌಕಟ್ಟಿಗೆ ಕೈಯಿಟ್ಟು ನಿಂತವನಿಗೆ ‘ಎಂತ ಬೇಕಿತ್ತು’ ಎಂದು ಕೇಳಿದ್ದಳಲ್ಲ. ಒಳಗೆ ಬರಲಿಕ್ಕೆ ನಿಂತಿದ್ದ. ಮೋಸ ಮಾಡಿದವನು ಅವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊರಗಿನವನಾಗಲು ಅವನು ಒಪ್ಪಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ‘ಬಂದು ಕೂತುಕೊಳ್ಳಿ’ ಎಂದಿದ್ದರೆ? ಈಗ ಯಾರಿಗೆ ಹೇಳುವುದು? ಅವಳಿಗೆ ಅಳು ತಡೆಯಲಾಗಲಿಲ್ಲ. ಇಲ್ಲಿ ಬಿಟ್ಟುಕೊಳ್ಳಲು ನಲ್ಲಿಯೂ ಇರಲಿಲ್ಲ. ವಾರಿಜಾ ಅವಳನ್ನು ಸಮಾಧಾನ ಮಾಡಲಿಲ್ಲ. ಒರೆಸುವ ಬಟ್ಟೆಯನ್ನು ಹಿಂಡುತ್ತಾ, “ನಾನು ಇಷ್ಟು ವರ್ಷ ಅದನ್ನೊಂದು ಹಿಡಿದುಕೊಂಡು ಕೂತಿದ್ದೆ ಅಕ್ಕ” ಎಂದಳು. ಬೈದಿದ್ದರೆ ಸಹಿಸಬಹುದಿತ್ತು. ಅವಳ ದನಿಯಲ್ಲಿ ಬೈಗುಳವಿರಲಿಲ್ಲ, ಕೈಯಲ್ಲಿದ್ದದ್ದು ಎಲ್ಲಿ ಬಿತ್ತೆಂದು ಹುಡುಕುವ ಗಾಬರಿಯಿತ್ತು. ಕುಶಲಾ ಅವಳ ಭುಜ ಮುಟ್ಟಲು ಹೋದಳು, ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ “ಶುರುವಾಯ್ತಾ?” ಎಂಬ ದೊಡ್ಡ ಸ್ವರ ಕೇಳಿತು. ನೆರೆಮನೆಯ ಆನ್ಸಿಲ್ಲಾ ಬಾಯಿ, ಸಂಜೆಯ ಪ್ರಾರ್ಥನೆಯನ್ನು ಬೇಗಬೇಗ ಮುಗಿಸಿ, ಕೈಯಲ್ಲಿ ಜಪಸರ ಇನ್ನೂ ಹಿಡಿದುಕೊಂಡೇ ಬಂದಿದ್ದಳು. “ಇವರೇನಾ ನಿನ್ನ ಅಕ್ಕ? ದೇವರೇ, ಟೀವಿಯವರನ್ನು ಸೀದಾ ಮನೆಗೇ ಕರೆಸಿದಿಯಲ್ಲ ಮಾರಾಯ್ತಿ!” ಎಂದು ಕುಶಲಾಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಸಂತೋಷಪಟ್ಟಳು. ವಾರಿಜಾ ಮುಖ ತೊಳೆದುಕೊಂಡು ಬಂದು ಟೀವಿ ಹಾಕಿದಳು. ಇಬ್ಬರು ಹೆಂಡಿರು ಒಂದೇ ಚಾಪೆಯ ಮೇಲೆ ಕುಳಿತರು, ಆಸ್ಪತ್ರೆಯ ಬೆಂಚಿನ ಮೇಲೆ ಮೊದಲು ಕುಳಿತಿದ್ದಷ್ಟು ದೂರದಲ್ಲಿ. ಕಂತು ಶುರುವಾಯಿತು. ಬಂಗಲೆಯ ಎದುರು ಕಾರು ನಿಂತಿತು, ಗಂಡ ಇಳಿದ, ಹಿಂದೆ ಅವಳು ಇಳಿದಳು. ಗುಡುಗು. ಜಾಹೀರಾತು. ಕೂದಲೆಣ್ಣೆ, ಬಣ್ಣದ ಡಬ್ಬ, ಚಿನ್ನದಂಗಡಿ. ಕುಶಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕುಳಿತಳು. ಜಾಹೀರಾತು ಮುಗಿದು ದೊಡ್ಡ ಹೆಂಡತಿ ಅಡುಗೆಮನೆಯಿಂದ ತಟ್ಟೆ ಹಿಡಿದು ಹೊರಟಳು.

ವಾರಿಜಾ ಚಾಪೆಯ ಮೇಲಿದ್ದ ರಿಮೋಟು ಎತ್ತಿಕೊಂಡು ಶಬ್ದ ನಿಲ್ಲಿಸಿದಳು.

“ಎಂತಾಯ್ತು? ಸ್ವರವೇ ಇಲ್ಲವಲ್ಲ!” ಎಂದು ಆನ್ಸಿಲ್ಲಾ ಬಾಯಿ ಮುಂದಕ್ಕೆ ಬಾಗಿದಳು.

“ಇರಲಿ ಬಾಯಿ. ನೋಡಿದರೆ ಗೊತ್ತಾಗ್ತದಲ್ಲ.”

ಗುಡುಗಿಲ್ಲ, ಸಂಗೀತವಿಲ್ಲ. ಒಬ್ಬಳು ಹೆಂಗಸು ಬಾಗಿಲಿಗೆ ಬಂದಳು. ಅವಳ ಬಾಯಿ ಆಡುತ್ತಿತ್ತು. ಏನು ಹೇಳುತ್ತಿದ್ದಾಳೆಂದು ಆ ಕೋಣೆಯಲ್ಲಿ ಕುಶಲಾಗೆ ಮಾತ್ರ ಅಕ್ಷರಶಃ ಗೊತ್ತಿತ್ತು. ಆದರೆ ಕಣ್ಣಿಗೆ ಕಾಣುತ್ತಿದ್ದದ್ದು ಬೇರೆ. ಬಿಸಿಲಿನಲ್ಲಿ ಬಂದು ನಿಂತ ಒಬ್ಬಳು, ತಲೆ ಎತ್ತಲಾರದವಳು. ಅವಳ ಎದುರಿಗೆ ಚಾಚಿದ ಒಂದು ಕೈ, ಕೈಯಲ್ಲಿ ನೀರು. ಎರಡನೆಯವಳು ಲೋಟವನ್ನು ಎರಡೂ ಕೈಯಿಂದ ತೆಗೆದುಕೊಂಡು ಗಟಗಟ ಕುಡಿದಳು. ಎಷ್ಟು ಬಾಯಾರಿರಬೇಕು ಎಂದು ಕುಶಲಾಗೆ ಅನಿಸಿತು; ಹೀಗೆ ಅನಿಸಿದ್ದು ಇದೇ ಮೊದಲು.

“ಪಾಪ,” ಎಂದಳು ಆನ್ಸಿಲ್ಲಾ ಬಾಯಿ, ಜಪಸರದ ಮಣಿ ಸರಿಸುತ್ತಾ. “ದೊಡ್ಡವಳು ಒಳ್ಳೆಯವಳು. ಹೊಟ್ಟೆಯಲ್ಲಿ ಎಷ್ಟು ಸಂಕಟ ಇದ್ದರೂ ನೀರು ಕೊಟ್ಟಳು ನೋಡಿ.”

ವಾರಿಜಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಚಾಪೆಯ ಮೇಲೆ ಸ್ವಲ್ಪ ಕುಶಲಾಳ ಕಡೆಗೆ ಸರಿದು ಕುಳಿತಳು.

“ನನಗೂ ಅವತ್ತು ಹಾಗೆಯೇ ಕಂಡದ್ದು” ಎಂದಳು.